ಎದುರುಮನೆಯ ಬೆಳ್ಳಿ ಲೋಟ

ನನ್ನ ಸೋದರಮಾವನಷ್ಟು ಸತ್ಯವಂತರು ಚೆನ್ನೈಯ ಇಡೀ ವೆಸ್ಟ್ ಮಾಂಬಲಂನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ದೊಡ್ಡ ಸುಳ್ಳುಗಾರರೂ ಇಲ್ಲ! ಈ ಎರಡು ಹೇಳಿಕೆಗಳಲ್ಲಿ ಯಾವುದನ್ನು ಹಿಂತೆಗೆದುಕೊಳ್ಳಬೇಕೆಂದು ಬಹಳ ಯೋಚಿಸಿದ್ದೇನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿರುವ ನನಗೆ ಎಂತೆಂಥ ದ್ರಾವಣಗಳನ್ನೋ ಬೇರ್ಪಡಿಸಲು ಬರುತ್ತದೆ. ಮಾವನಲ್ಲಿ ಸತ್ಯ ಎಲ್ಲಿ ಮುಗಿದು ಸುಳ್ಳು ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಬಂದು ಸೇರಿದ್ದು ಮಾವನ ಎರಡು ಕೋಣೆಯ ಮನೆಗೆ. ಅಮ್ಮ ರವಿಕೆ ಹೊಲಿಯುತ್ತಾಳೆ. ಮಾವನದು ತಕ್ಕಡಿ ರಿಪೇರಿಯ ಕಸುಬು. ಅಂಗಡಿಗಳ ತಕ್ಕಡಿ ಬಿಚ್ಚಿ, ಒರೆಸಿ, ಮುಳ್ಳನ್ನು ನೆಟ್ಟಗೆ ನಿಲ್ಲಿಸಿಕೊಡುವುದರಲ್ಲೇ ಮೂವತ್ತು ವರ್ಷ ಕಳೆದು, ಈಗ ಅವರ ಬಲಗೈಯೇ ಒಂದು ತಕ್ಕಡಿಯಾಗಿಬಿಟ್ಟಿದೆ. ಕೈಗೆ ಏನೇ ಬರಲಿ, ಅಂಗೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೂಡಲೇ ಬಾಯಿಂದ ತೂಕ! ನಾಮಕರಣದ ಮನೆಯಲ್ಲಿ ಎಲ್ಲರೂ ಮಗುವಿಗೆ ಅಪ್ಪನ ಮೂಗು ಬಂದಿದೆ ಎನ್ನುತ್ತಿದ್ದರೆ ಇವರು "ಮೂರು ಕಿಲೋ ಇನ್ನೂರು" ಎನ್ನುತ್ತಾರೆ. ಗಾಬರಿಯಾದ ಅಜ್ಜಿ ದೃಷ್ಟಿ ತೆಗೆಯಲು ಮೆಣಸಿನಕಾಯಿ ತಂದರೆ, ಅದರ ತೂಕವನ್ನೂ ಹೇಳಿ ಕಳಿಸುತ್ತಾರೆ.

ತೂಕ ಕಡಿಮೆಯಾಯಿತೆಂದು ತರಕಾರಿಯವನ ಮೇಲೆ ಜಗಳಕ್ಕೆ ನಿಲ್ಲುವವರನ್ನು ನೀವು ಕಂಡಿರಬಹುದು. ಹೆಚ್ಚಾಯಿತೆಂದು ಜಗಳಕ್ಕೆ ನಿಲ್ಲುವವರನ್ನು? ಎರಡೇ ಎರಡು ಬೆಂಡೆಕಾಯಿ ಹಿಂದಿರುಗಿಸಲು ಮಾವ ಮನೆಯಿಂದ ಮತ್ತೆ ರೈಲ್ವೆ ಸ್ಟೇಷನ್ನಿನ ಬಳಿಯ ಅಂಗಡಿಯವರೆಗೆ ನಡೆದು ಹೋದದ್ದುಂಟು. ನಾಳೆಯಿಂದ ದಯವಿಟ್ಟು ಎದುರಿನ ಅಂಗಡಿಗೆ ಹೋಗಿ ಎಂದು ಅಂಗಡಿಯವನು ಕೈಮುಗಿದನಂತೆ.

ಅಡ್ಯಾರಿನ ಕಡೆಯ ಒಂದು ಕಾಲೇಜಿನಿಂದ ನನಗೆ ಎಂ.ಎಸ್‌ಸಿ. ಸೀಟಿನ ಪತ್ರ ಬಂದಾಗಲೂ ಅಷ್ಟೆ. ಅಂಗೈ ಮೇಲಿಟ್ಟುಕೊಂಡು "ಐದು ಗ್ರಾಂ" ಎಂದರು. ಹಿಂಬದಿಯಲ್ಲಿದ್ದ ಫೀಸಿನ ಪಟ್ಟಿ ಓದಿದ ಮೇಲೆ, ಯಾಕೋ, ಇನ್ನೊಮ್ಮೆ ತೂಗಿ ನೋಡಿದರು.

ಇದು ಅವರ ಸತ್ಯದ ಕಥೆ. ಸುಳ್ಳಿನ ಕಥೆ ಪ್ರವೇಶದ ದಿನ ಶುರುವಾಯಿತು. ಫೀಸು ಕಟ್ಟಲು ಕಷ್ಟವಿದೆಯೇ ಎಂದು ಪ್ರಾಂಶುಪಾಲರೇ ಬಾಯಿಬಿಟ್ಟು ಕೇಳಿದರು. ಅಂಥದ್ದೇನೂ ಇಲ್ಲ ಎಂದು ಮಾವ ನಕ್ಕರು! ಹೊರಗೆ ಬಂದು ಬಸ್ಸಿಗಾಗಿ ಮುಕ್ಕಾಲು ಗಂಟೆ ನಿಂತೆವು. ಆಟೋ ಹಿಡಿಯೋಣವೆಂದರೆ, ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ, ಗಾಳಿ ಚೆನ್ನಾಗಿದೆ ಎಂದರು. ಚೆನ್ನೈಯಲ್ಲಿ! ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದ ಮೇಲೆ ಕೆಲಸ ಹೇಗಿದೆ ಎಂದು ಅಮ್ಮ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಫಸ್ಟ್ ಕ್ಲಾಸ್."

ಫೀಸಿನ ರಿಯಾಯಿತಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಅದಿಲ್ಲದಿದ್ದರೆ ಸೀಟು ಕೈಬಿಡಬೇಕಿತ್ತು. ವಿಜ್ಞಾನ ಓದಬಯಸುವ ಹುಡುಗಿ ಮೊಟ್ಟಮೊದಲು ಸಾಧಿಸಿ ತೋರಿಸಬೇಕಾದ ಪ್ರಮೇಯ ತನ್ನ ಬಡತನವೇ? ಇರಲಿ, ಸಾಧಿಸೋಣವೆಂದು ಅರ್ಜಿ ಹಾಕಿದೆ. ಪರಿಶೀಲನೆಗೆ ಗುರುವಾರ ಬೆಳಿಗ್ಗೆ ಕಂದಾಯ ನಿರೀಕ್ಷಕರು ಮನೆಗೇ ಬರುವರೆಂದು ತಿಳಿಯಿತು.

ಅವರು ಬರುವ ಅರ್ಧ ಗಂಟೆ ಮೊದಲು ಮಾವ ಎದುರುಮನೆಯ ಮಾಮಿಯಿಂದ ಒಂದು ಮೆತ್ತನೆಯ ಕುರ್ಚಿಯನ್ನೂ ಒಂದು ಬೆಳ್ಳಿ ಲೋಟವನ್ನೂ ಹೊತ್ತು ತಂದರು. ನನಗೆ ತಲೆ ತಿರುಗಿತು.

"ಮಾವ, ನಮ್ಮ ಹತ್ರ ಏನೂ ಇಲ್ಲ ಅನ್ನೋದನ್ನ ನೋಡಕ್ಕೇ ಅವರು ಬರ್ತಿರೋದು."

"ನೋಡ್ಲಿ. ಅದಕ್ಕೆ ಅಂತ ಮನೆಗೆ ಬಂದೋರಿಗೆ ಸೊಟ್ಟ ಲೋಟದಲ್ಲಿ ಕಾಫಿ ಕೊಡಕ್ಕಾಗತ್ತಾ?"

ನಿರೀಕ್ಷಕರು ಬಂದರು, ಮೆತ್ತನೆಯ ಕುರ್ಚಿಯಲ್ಲಿ ಕೂತರು, ವ್ಯಾಪಾರ ಹೇಗಿದೆ ಎಂದು ತಮಿಳಿನಲ್ಲಿ ಕೇಳಿದರು. ಫಸ್ಟ್ ಕ್ಲಾಸ್! ಕಾಫಿಯ ಲೋಟ ಕೈಗೆ ಬಂದಾಗ ಅವರ ಹುಬ್ಬು ಕೊಂಚ ಮೇಲೇರಿತು. ಅಲ್ಲಿಗೆ ನಿಂತಿದ್ದರೂ ಬಚಾವಾಗುತ್ತಿದ್ದೆವೇನೋ. ಆದರೆ ತೂಕದ ವಿಷಯದಲ್ಲಿ ಮಾವ ಸುಮ್ಮನಿರಬಲ್ಲರೇ? "ಲೋಟ ಮಾತ್ರ ನೂರ ಇಪ್ಪತ್ತು ಗ್ರಾಂ ಸಾರ್. ಅಪ್ಪಟ ಬೆಳ್ಳಿ."

ಸೋಮವಾರ ಅರ್ಜಿ ತಿರಸ್ಕೃತವಾಯಿತು. ಫೀಸು ಕಟ್ಟಲು ಇನ್ನು ಮೂರೇ ದಿನ.

ನಾನು ಮಾವನನ್ನು ಕೂರಿಸಿ ವಿಚಾರಣೆ ನಡೆಸಿದೆ. ಎರಡು ಬೆಂಡೆಕಾಯಿಯ ಸುಳ್ಳನ್ನು ಸಹಿಸದವರು ಇಡೀ ಮನೆಯ ಸುಳ್ಳನ್ನು ಹೇಗೆ ಹೇಳಿದಿರಿ? ಉತ್ತರ ಕೊಡಿ! ಎಷ್ಟು ಕಿರುಚಿದೆನೆಂದರೆ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಮಾವ ಅಂಗೈ ನೋಡಿಕೊಂಡು, "ಬಂದೋರಿಗೆ ನಮ್ಮ ಕಷ್ಟ ಬಡಿಸೋದಾ ಕಣೇ?" ಎಂದರು. ಇದು ಉತ್ತರವೇ? ನನಗೆ ಅರ್ಥವಾಗಲಿಲ್ಲ.

ಮರುದಿನ ಅವರು ಕಂದಾಯ ಕಚೇರಿಗೆ ಹೊರಟಾಗ, ಇನ್ನೇನು ಅನಾಹುತ ಮಾಡುವರೋ ಎಂದು ನಾನೂ ಬೆನ್ನಿಗೆ ಹೋದೆ. ಸಾಲು ಬಾಗಿಲಿನವರೆಗೆ ಇತ್ತು. ನಮ್ಮ ಸರದಿ ಬಂದಾಗ ಅದೇ ನಿರೀಕ್ಷಕರ ಮುಂದೆ ಮಾವ ನೆಟ್ಟಗೆ ನಿಂತು, ತಮಿಳಿನಲ್ಲಿ, ಹಿಂದಿದ್ದವರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಹೇಳಿದರು:

"ಸಾರ್, ಆ ಲೋಟ ನಮ್ಮದಲ್ಲ. ಕುರ್ಚಿನೂ ಅಲ್ಲ. ನಮ್ಮನೇಲಿ ಬೆಳ್ಳಿ ಇಲ್ಲ. ಒಂದು ವರ್ಷದಿಂದ ನನಗೆ ಸರಿಯಾಗಿ ಕೆಲಸ ಇಲ್ಲ. ಈ ಮಗು ಓದಬೇಕು."

ಕೆಲಸವಿಲ್ಲದ ಸಂಗತಿ ನನಗೂ ಹೊಸದು. ಹಾಗಿದ್ದರೆ ಇಷ್ಟು ದಿನ ನಾವೂ ಅವರ ಪಾಲಿಗೆ ಮನೆಗೆ ಬಂದವರೇ ಆಗಿದ್ದೆವೇ? ನಿರೀಕ್ಷಕರು ತಲೆಯೆತ್ತಲಿಲ್ಲ. ಕಡತ ಹುಡುಕಿ ತೆಗೆದು, ಕಾಫಿ ಚೆನ್ನಾಗಿತ್ತು ಎಂದಷ್ಟೇ ಹೇಳಿ, ಹೊಸ ಅರ್ಜಿಗೆ ಸಹಿ ಮಾಡಿಸಿಕೊಂಡರು. ಕೊನೆಯ ದಿನದ ಬೆಳಿಗ್ಗೆ ಪ್ರಮಾಣಪತ್ರ ಬಂತು, ಸೀಟು ಉಳಿಯಿತು.

ಆ ಪತ್ರದಲ್ಲಿ ಆದಾಯಕ್ಕೆ ಜಾಗವಿದೆ, ಮೊಹರಿಗೆ ಜಾಗವಿದೆ. ತಲೆಯೆತ್ತಿ ಬದುಕಿದ ಮನುಷ್ಯನಿಂದ ಅಷ್ಟು ಜನರ ಮುಂದೆ ಆ ಮಾತು ಆಡಿಸಿದ್ದಕ್ಕೆ ಹೊಣೆ ಹೊರುವವರ ಸಹಿಗೆ ಎಲ್ಲಿದೆ ಜಾಗ? ಹೊಣೆ ಯಾರದು? ಕಚೇರಿಯದೋ, ಕಾಲೇಜಿನದೋ, ಹಿಂದಿನ ದಿನ ಅವರನ್ನು ಕೂರಿಸಿ ಕಿರುಚಿದ ನನ್ನದೋ?

ಆ ಸಂಜೆ ನಾನೇ ಎದುರುಮನೆಗೆ ಹೋಗಿ ಮಾಮಿಯ ಬೆಳ್ಳಿ ಲೋಟ ತಂದೆ. ಕಾಫಿ ಬೆರೆಸಿ ಮಾವನ ಮುಂದೆ ಹಿಡಿದೆ. ಅವರು ಗಡಬಡಿಸಿ ಎದ್ದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲ ಕಡೆ ನೋಡಿದರು.

"ಯಾರು ಬಂದಿದ್ದಾರೆ?"

"ಯಾರೂ ಇಲ್ಲ ಮಾವ. ಇದು ನಿಮಗೆ."

ಲೋಟ ಕೈಗೆ ತೆಗೆದುಕೊಂಡರು. ಅಂಗೈ ಒಮ್ಮೆ ಮೇಲೆ ಹೋಯಿತು, ಒಮ್ಮೆ ಕೆಳಗೆ ಬಂತು. ನಾನು ಕಾದೆ. ತೂಕ ಬರಲಿಲ್ಲ.

"ಎಷ್ಟಿದೆ ಮಾವ?"

"ಗೊತ್ತಾಗ್ತಿಲ್ಲ ಕಣೇ," ಎಂದರು ಮಾವ, ಮುಖ ಕಿಟಕಿಯ ಕಡೆ ತಿರುಗಿಸಿ.