ಹಗೇವಿನಲ್ಲಿ ಮಂಗಳ ಗ್ರಹ

ಮಂಗಳ ಗ್ರಹದ ಮೇಲೆ ಅಮೇರಿಕದವರು ಯಂತ್ರ ಇಳಿಸಿದರೆಂದು ೧೯೭೬ರಲ್ಲಿ ಪೇಪರಿನಲ್ಲಿ ಓದಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರ. ವಿಜಾಪುರದ ವಿಜ್ಞಾನ ಪ್ರದರ್ಶನಕ್ಕೆ ಊರಿನಿಂದ ಒಬ್ಬರನ್ನು ಕಳಿಸುವುದಿತ್ತು. ಆ ಒಬ್ಬ ನಾನೇ ಆಗಬೇಕೆಂಬುದು ನನ್ನ ಹಟ.

ಮಂಗಳದಲ್ಲಿ ಗಾಳಿ ತೆಳು, ಚಳಿ ವಿಪರೀತ. ಬದುಕಬೇಕಾದರೆ ನೆಲದೊಳಗೇ ಮನೆ ಮಾಡಬೇಕು. ಅಂಥ ಮನೆ ನಮ್ಮ ಅಂಗಳದಲ್ಲೇ ಇತ್ತಲ್ಲ! ಜೋಳ ತುಂಬಿಡುವ ಆಳದ ನೆಲಗುಂಡಿ, ಹಗೇವು. (ಜೋಳ ತೆಗೆದು ಮತ್ತೆ ಕಲ್ಲು ಮುಚ್ಚಿದ್ದೆವು.) ಅದರೊಳಗೆ ಸಂಜೆಯವರೆಗೆ ವಾಸಿಸಿ ತೋರಿಸುವೆನೆಂದು, ಹೆಸರು ಆರಿಸುವ ಹೆಡ್ ಮಾಸ್ತರ ಜೈನುದ್ದೀನ ಸಾಹೇಬರನ್ನು ರವಿವಾರ ಬೆಳಿಗ್ಗೆಯೇ ಕರೆಸಿದೆ.

ಕಲ್ಲು ಸರಿಸಿ ಕಾಲು ಇಳಿಬಿಟ್ಟೆ. ಅಷ್ಟರಲ್ಲಿ ಹೆಂಡತಿ ಕಸ್ತೂರೆವ್ವ ಓಡಿ ಬಂದಳು.

"ಈಗಷ್ಟ ಕಲ್ಲು ತಗದೀರಿ, ಆಗಲೇ ಇಳೀತೀರಿ? ಮೊದಲ ಕಂದೀಲ ಬಿಡ್ರಿ."

"ಏ, ಹದಿನೈದು ವರ್ಷ ಆತು ಆಕ್ಸಿಜನ್ ಪಾಠ ಮಾಡಾಕತ್ತಿ. ನನಗ ಹೇಳ್ತೀ?"

"ಅದು ಪುಸ್ತಕದಾಗಿಂದು. ಇದು ಹಗೇವು."

ಸಾಹೇಬರ ಮುಂದೆ ವಾದ ಬೇಡವೆಂದು ಒಪ್ಪಿದೆ. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಅರ್ಧಕ್ಕೆ ಹೋಗಿ ಆರಿತು.

"ಎಣ್ಣಿ ತೀರಿರಬೇಕು," ಎಂದೆ.

ಕಸ್ತೂರೆವ್ವ ಕಂದೀಲನ್ನು ಎಳೆದುಕೊಂಡು ಸಾಹೇಬರ ಕಿವಿಯ ಹತ್ತಿರ ಅಲ್ಲಾಡಿಸಿದಳು. ಎಣ್ಣೆ ಗುಳುಗುಳು ಎಂದಿತು. ಮತ್ತೆ ಹಚ್ಚಿ ಬಿಟ್ಟಳು, ಮತ್ತೆ ಆರಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಕಾಲು ಮೇಲೆಳೆದುಕೊಂಡು ಕಟ್ಟೆಯ ಮೇಲೆ ಕುಳಿತೆ.

ಆಕೆ ಬೇವಿನ ಟೊಂಗೆಗಳ ಕಟ್ಟನ್ನು ಹಗೇವಿನೊಳಗೆ ಏರಿಸಿ ಇಳಿಸಿ ಗಾಳಿಯಾಡಿಸಿದಳು. ತಾಸಿನ ಮೇಲೆ ಕಂದೀಲು ತಳದವರೆಗೂ ಉರಿಯಿತು. ನಾನು ಎದೆಯುಬ್ಬಿಸಿ ಎದ್ದೆ. ಸಾಹೇಬರು ನನ್ನತ್ತ ನೋಡದೆ ಕಸ್ತೂರೆವ್ವನನ್ನು ಕೇಳಿದರು.

"ತಂಗೆವ್ವಾ, ಮಂಗಳದಾಗ ಮಂದಿ ಮನಿ ಮಾಡಬೇಕಾದ್ರ ಏನ ಮಾಡಬೇಕು?"

"ಮೊದಲ ಉಸರಾಡೂ ಗಾಳಿ ಐತೇನು ನೋಡಬೇಕ್ರಿ. ಕಂದೀಲ ಉರಿಯೂ ತನಕಾ ಇವರನ್ನ ಇಳಸಬ್ಯಾಡ್ರಿ, ಅಷ್ಟ."

ಸಾಹೇಬರು ಅಲ್ಲೇ ನಿಂತು ಪ್ರದರ್ಶನಕ್ಕೆ ಹೆಸರು ಬರೆದುಕೊಂಡರು. ನನ್ನದಲ್ಲ.

ವಿಜಾಪುರದಲ್ಲಿ ಕಸ್ತೂರೆವ್ವ ಸೆರಗು ಬಿಗಿದು ಒಂದು ತಾಸು ವಿವರಿಸಿದಳು. ಸಹಾಯಕ್ಕೆಂದು ಜೊತೆಗೆ ಹೋದ ನಾನು ಪಕ್ಕದಲ್ಲಿ ಕಂದೀಲು ಹಿಡಿದು ನಿಂತಿದ್ದೆ. ನೋಡಲು ಬಂದ ದೊಡ್ಡ ಅಧಿಕಾರಿಯೊಬ್ಬರು ನನ್ನನ್ನು ತೋರಿಸಿ, "ಇವರು ಯಾರ್ರಿ?" ಎಂದರು.

"ನಮ್ಮನಿಯವರ್ರಿ," ಎಂದಳು ಕಸ್ತೂರೆವ್ವ. "ಕಂದೀಲ ಬಿಡದ ಇಳಿಯೋರು ಹೆಂಗ ಇರ್ತಾರ ಅಂತ ತೋರಸಾಕ ತಂದೇನ್ರಿ."