ಪುಕ್ಕಲು ಚಿಕ್ಕಪ್ಪನ ಆನೆ ನಿಯೋಗ

ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳನ್ನು ಜಾಲಾಡಿದರೂ ನಮ್ಮ ಚಿಕ್ಕಪ್ಪನಷ್ಟು ಪುಕ್ಕಲು ಮನುಷ್ಯ ನಿಮಗೆ ಸಿಗಲಿಕ್ಕಿಲ್ಲ. ಇದು ನಾನು ಹೊರಿಸುವ ಆರೋಪವಲ್ಲ, ಅವರೇ ಒಪ್ಪಿಕೊಂಡ ವಿಚಾರ. ಒಪ್ಪದೆ ಇರಲಿಕ್ಕೂ ಅವರಿಗೆ ಹೆದರಿಕೆ! ಅಂಥವರನ್ನೇ ನಾವು ಮೂರು ತಾಲೂಕಿನ ನಿಯೋಗಕ್ಕೆ ನಾಯಕರನ್ನಾಗಿ ಮಾಡಿ, ಶಾಸಕರ ಎದುರು ಮಾತಾಡಿಸಲು ಬೆಂಗಳೂರಿಗೆ ಕರೆದುಕೊಂಡು ಹೋದೆವು. ನಮಗೇನು ತಲೆ ಕೆಟ್ಟಿತ್ತೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ಇಚಿಲಂಪಾಡಿಯಲ್ಲಿ ಚಿಕ್ಕಪ್ಪನ ಮನೆಯೂ ನಮ್ಮ ಮನೆಯೂ ಅಕ್ಕಪಕ್ಕ. ಹಾಗಾಗಿ ಅವರ ಹೆದರಿಕೆಗಳ ಪೂರ್ತಿ ಪರಿಚಯ ನನಗುಂಟು. ಅಪಘಾತಕ್ಕೆ ಹೆದರಿ ಅವರು ಸ್ಕೂಟರು ಮಾರಿ ಎಷ್ಟೋ ವರ್ಷವಾಯಿತು. ಹೆಲ್ಮೆಟ್ ಮಾತ್ರ ಮಾರಲಿಲ್ಲ. ಅದನ್ನು ಹಾಕಿಕೊಂಡು ತೆಂಗಿನ ತೋಟಕ್ಕೆ ಹೋಗುತ್ತಾರೆ. ಸೆಲೂನಿನಲ್ಲಿ ಕತ್ತಿ ಕುತ್ತಿಗೆಯ ಹತ್ತಿರ ಬಂದರೆ ಉಗುಳು ಸಹ ನುಂಗುವುದಿಲ್ಲ. ಒಮ್ಮೆ ನರಿಮೊಗರಿನಲ್ಲಿ ಮಗಳ ನಾದಿನಿಯ ಮದುವೆಗೆ ಹೊರಟವರು, ಗ್ಯಾಸ್ ಸಿಲಿಂಡರ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಮೂರು ಸಲ ಮನೆಗೆ ಹಿಂದಿರುಗಿದರು. ಕೊನೆಗೂ ತಲುಪಿದಾಗ ಹಾಲ್‌ನಲ್ಲಿ ಕುರ್ಚಿ ಮಡಚುತ್ತಿದ್ದರಂತೆ. ದೂರದಲ್ಲೆಲ್ಲೋ ಗುಡುಗಿದರೆ ತಮ್ಮ ಮನೆಯ ಟೀವಿಯ ಪ್ಲಗ್ ಕೀಳುತ್ತಾರೆ. ಆಮೇಲೆ ನಡುವಿನ ಪಾಗಾರದ ಗೋಡೆ ದಾಟಿ ಬಂದು ನಮ್ಮ ಮನೆಯದ್ದನ್ನೂ ಕೀಳುತ್ತಾರೆ. ಇದೆಂತ ಚಿಕ್ಕಪ್ಪ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು: "ನಿಮ್ಮ ಮನೆಗೆ ಬಿದ್ದ ಸಿಡಿಲಿಗೆ ನಮ್ಮ ಮನೆಗೆ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ?"

ನಾವೆಲ್ಲ ನಗುತ್ತಿದ್ದೆವು. ಆನೆ ಬರಲು ಶುರುವಾದ ಮೇಲೆ ಯಾರೂ ನಗಲಿಲ್ಲ.

ಮೊದಲು ಬಾಳೆಗಿಡ ಹೋಯಿತು. ಆಮೇಲೆ ತೋಟದ ಪೈಪುಗಳು. ಆಮೇಲೆ ಒಂದು ದಿನ ಶಾಲೆಯ ಹಿಂದೆಯೇ ಲದ್ದಿ ಕಂಡಿತು, ಇನ್ನೂ ಹಬೆಯಾಡುತ್ತಿತ್ತು. ಜನರು ಸಂಜೆ ಐದಕ್ಕೇ ಬಾಗಿಲು ಹಾಕತೊಡಗಿದರು. ನಾಯಿ ಬೊಗಳಿದರೂ ಹೆದರಿಕೆ, ಬೊಗಳುವುದು ನಿಂತರೆ ಅದಕ್ಕಿಂತ ಹೆಚ್ಚು ಹೆದರಿಕೆ. ಜೀವಮಾನವಿಡೀ ಒಬ್ಬರೇ ಹೆದರಿದ ಚಿಕ್ಕಪ್ಪನಿಗೆ ಮೊದಲ ಸಲ ಊರಿಡೀ ಜೊತೆ ಸಿಕ್ಕಿತು!

ಚಿಕ್ಕಪ್ಪನ ರಬ್ಬರ್ ತೋಟದಲ್ಲಿ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಕೆಲಸ ಗಿರಿಜಕ್ಕನದು. ಒಂದು ದಿನ ನಸುಕಿನಲ್ಲಿ ಹಣೆಗೆ ಲೈಟು ಕಟ್ಟಿಕೊಂಡು ಮರ ಕೆತ್ತುತ್ತಿದ್ದಾಗ ಅವರ ಹಿಂದೆ ಕಡ್ಡಿ ಮುರಿದ ಸದ್ದಾಯಿತು. ತಿರುಗಿ ನೋಡಿದರೆ ಲೈಟಿನ ಬೆಳಕಿಗೆ ಸಿಕ್ಕಿದ್ದು ಒಂದು ಕಣ್ಣು. ಓಡಿ ಹೋಗಿ ನೀರಿಂಗುವ ಹೊಂಡಕ್ಕೆ ಬಿದ್ದರು. ಕೈ ಮುರಿಯಿತು. ಮೇಲೆ ಆನೆ ಸುತ್ತು ಹಾಕುತ್ತಿತ್ತು, ಮಣ್ಣು ತಲೆಯ ಮೇಲೆ ಉದುರುತ್ತಿತ್ತು. ಬಿಸಿಲು ಏರುವವರೆಗೆ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದರಂತೆ. ಅರಣ್ಯ ಇಲಾಖೆಯ ಆನೆ ಓಡಿಸುವ ತಂಡ ಎಲ್ಲಿಂದಲೋ ಬಂದು ತಲುಪುವಾಗ ಮಧ್ಯಾಹ್ನದ ಊಟದ ಹೊತ್ತು.

ಆ ವಾರವೇ ಕಡಬದಲ್ಲಿ ಸಭೆ ಸೇರಿತು. ಆನೆ ಓಡಿಸುವ ತಂಡವೊಂದು ನಮ್ಮ ಹತ್ತಿರದಲ್ಲೇ ಬೀಡುಬಿಟ್ಟಿರಬೇಕು, ಕಾಡಂಚಿಗೆ ಬೇಲಿ ಬೇಕು, ಅಧಿವೇಶನ ನಡೆಯುವಾಗಲೇ ಹೋಗಿ ಶಾಸಕರನ್ನು ಕಾಣಬೇಕು ಎಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ನಿಯೋಗಕ್ಕೆ ನಾಯಕರು ಯಾರು ಎಂಬುದು ಎರಡು ಗಂಟೆಯಾದರೂ ತೀರ್ಮಾನವಾಗಲಿಲ್ಲ! ಪುತ್ತೂರಿನವರನ್ನು ಸುಳ್ಯದವರು ಒಪ್ಪಲಿಲ್ಲ, ಸುಳ್ಯದವರನ್ನು ಕಡಬದವರು ಒಪ್ಪಲಿಲ್ಲ. ಆಗ ಯಾರೋ ಹಿಂದಿನ ಬೆಂಚಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತಿದ್ದ ಚಿಕ್ಕಪ್ಪನನ್ನು ಕಂಡರು. ಮನೆ ಕಡಬದ ಇಚಿಲಂಪಾಡಿಯಲ್ಲಿ, ಹೆಂಡತಿಯ ತವರು ಸುಳ್ಯದ ಪಂಜದಲ್ಲಿ, ಮಗಳನ್ನು ಕೊಟ್ಟದ್ದು ಪುತ್ತೂರಿನ ನರಿಮೊಗರಿಗೆ. ಮೂರೂ ಕಡೆಗೆ ಸಲ್ಲುವ ಮನುಷ್ಯ. ಜೊತೆಗೆ, ಇವರ ಮೇಲೆ ಹೊಟ್ಟೆಕಿಚ್ಚು ಪಡಲು ಯಾರಿಗೂ ಕಾರಣವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ದಾರಿಯಲ್ಲಿ ನಾನು, ಬೇಡ ಎನ್ನಬಹುದಿತ್ತಲ್ಲ ಎಂದೆ. ಅಷ್ಟು ಜನ ಒಟ್ಟಿಗೆ ನೋಡುವಾಗ ಬೇಡ ಹೇಳಲಿಕ್ಕೆ ಹೆದರಿಕೆಯಾಯಿತು ಎಂದರು.

ಹೊರಡುವ ತಯಾರಿ ಕೇಳಬೇಡಿ. ನಾವು ಹದಿನಾಲ್ಕು ಮಂದಿ. ಚಿಕ್ಕಪ್ಪ ಒಬ್ಬೊಬ್ಬರ ರಕ್ತದ ಗುಂಪನ್ನು ಕೇಳಿ ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿಸಿದರು. ರೈಲೆಂದರೆ ಸುರಂಗ, ರಸ್ತೆಯೆಂದರೆ ಶಿರಾಡಿ ಘಾಟಿಯ ಗ್ಯಾಸ್ ಟ್ಯಾಂಕರುಗಳು. ತುಂಬ ಲೆಕ್ಕ ಹಾಕಿ, ಟ್ಯಾಂಕರಾದರೆ ಎದುರಿಗೆ ಬರುವುದು ಕಾಣುತ್ತದೆ ಎಂಬ ಕಾರಣಕ್ಕೆ ಹಗಲಿನ ಬಸ್ಸನ್ನು ಆರಿಸಿದರು. ಮನವಿ ಪತ್ರ ಕಳೆದುಹೋದರೆ ಎಂಬ ದಿಗಿಲಿಗೆ ಹದಿನಾಲ್ಕು ಪ್ರತಿ ಮಾಡಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು. ಬಸ್ಸಿಗೇ ಏನಾದರೂ ಆದರೂ ಒಂದು ಪ್ರತಿ ಉಳಿಯಬೇಕಂತೆ. ಹದಿನಾಲ್ಕೂ ಮಂದಿ ಒಂದೇ ಬಸ್ಸಿನಲ್ಲಿದ್ದೇವೆ ಎಂದು ಸುಳ್ಯದವರೊಬ್ಬರು ನೆನಪಿಸಿದ್ದು ಸಕಲೇಶಪುರ ದಾಟಿದ ಮೇಲೆ!

ಮರುದಿನ ಶಾಸಕರ ಭವನದಲ್ಲಿ ಲಿಫ್ಟ್ ಹತ್ತಲು ಚಿಕ್ಕಪ್ಪ ಒಪ್ಪಲಿಲ್ಲ. ಮೆಟ್ಟಿಲು ಹತ್ತಿ ಅವರು ಬರುವವರೆಗೆ ನಾವು ನಾಲ್ಕನೇ ಮಾಳಿಗೆಯಲ್ಲಿ ಕಾದೆವು. ಒಳಗೆ ಜಿಲ್ಲೆಯ ನಾಲ್ವರು ಶಾಸಕರು, ಬೇರೆ ಬೇರೆ ಪಕ್ಷದವರು, ನಮಗಾಗಿಯೇ ಒಟ್ಟಾಗಿ ಕೂತಿದ್ದರು. ಸದನಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಬಿಡುವಿತ್ತು. ಚಿಕ್ಕಪ್ಪ ಹೆದರಿ ಬಿಟ್ಟುಕೊಟ್ಟ ಮಾತಾಡುವ ಹೊಣೆ ಹೊತ್ತವರು ಪುತ್ತೂರಿನ ನಿವೃತ್ತ ಹೆಡ್‌ಮಾಸ್ಟರು. ಅವರು ಶಾಸಕರ ಸರಳತೆಯನ್ನು ಹೊಗಳಲು ಮೂರು ನಿಮಿಷ, ಆನೆಯ ಪೌರಾಣಿಕ ಮಹತ್ವಕ್ಕೆ ನಾಲ್ಕು ನಿಮಿಷ ತೆಗೆದುಕೊಂಡರು. ಒಬ್ಬರು ಶಾಸಕರು ಗಡಿಯಾರ ನೋಡಿದರು. ಇನ್ನೊಬ್ಬರು ಎದ್ದು ಶಾಲು ಸರಿಮಾಡಿಕೊಂಡು, ಧೈರ್ಯವಾಗಿರಿ, ಆನೆಗೆ ಅಷ್ಟೆಲ್ಲ ಹೆದರಿದರೆ ಹೇಗೆ ಎಂದು ನಗುತ್ತಲೇ ಹೇಳಿದರು. ನಮ್ಮವರೂ ನಕ್ಕರು. ನಾನೂ ನಕ್ಕೆ. ಏಳು ಗಂಟೆಯ ಪ್ರಯಾಣ ಅಲ್ಲಿಗೆ ಮುಗಿಯಿತು ಎಂದು ಗೊತ್ತಾದರೂ ನಕ್ಕೆ.

ಆಗ ಬಾಗಿಲ ಪಕ್ಕದಿಂದ ಚಿಕ್ಕಪ್ಪನ ಧ್ವನಿ ಕೇಳಿತು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇತ್ತು.

"ನನಗೆ ಹೆದರಿಕೆ ಉಂಟು. ಇವರಿಗೆಲ್ಲ ಉಂಟು, ನಾಚಿಕೆಗೆ ಹೇಳುದಿಲ್ಲ. ನಮ್ಮಲ್ಲಿ ಗಿರಿಜ ಅಂತ ಒಬ್ಬಳು ಟ್ಯಾಪಿಂಗ್ ಮಾಡುದು. ಹೊತ್ತು ಏರಿದ ಮೇಲೆ ರಬ್ಬರ್ ಹಾಲು ಸರಿ ಇಳಿಯುದಿಲ್ಲ, ಕತ್ತಲಲ್ಲೇ ಹೋಗ್ಬೇಕು. ಹೋಗ್ಬೇಡ ಹೇಳಿದ್ರೆ ಅವಳಿಗೆ ಊಟ ಇಲ್ಲ. ಹೋಗು ಹೇಳಿದ್ರೆ, ಅವಳು ಬರುವಲ್ಲಿವರೆಗೆ ನನಗೆ ಕೈಕಾಲು ಆಡುದಿಲ್ಲ. ಮೊನ್ನೆ ಕೈ ಮುರಿದುಕೊಂಡು ಹೊಂಡದಿಂದ ಬಂದವಳು, ಬ್ಯಾಂಡೇಜ್ ಬಿಚ್ಚಿದ ಮೇಲೆ ಯಾವಾಗ ಬರುದು ಅಂತ ಕೇಳ್ತಾಳೆ. ನಾನು ಎಂತ ಹೇಳುದು? ಅಷ್ಟು ನೀವು ಹೇಳಿಕೊಡಿ. ನಾವು ಹೋಗ್ತೇವೆ."

ಎದ್ದಿದ್ದ ಶಾಸಕರು ಪುನಃ ಕೂತರು. ಸದನದ ಹೊತ್ತಾಯಿತು, ಅವರು ಏಳಲಿಲ್ಲ. ಗಿರಿಜಕ್ಕನ ಬಗ್ಗೆ ಎರಡು ಮೂರು ಪ್ರಶ್ನೆ ಕೇಳಿ, ಮನವಿಯ ಮೇಲೆ ಸಹಿ ಹಾಕಿ ಉಳಿದ ಮೂವರ ಕಡೆಗೆ ದೂಡಿದರು. ನಾಲ್ವರೂ ಒಟ್ಟಾಗಿ ಆ ಸಂಜೆಯೇ ಮಂತ್ರಿಗಳನ್ನು ಕಂಡರು. ತಿಂಗಳೊಳಗೆ ಒಂದು ಜೀಪು, ಐದು ಮಂದಿ ಕಾವಲುಗಾರರು ಬಂದು ನಮ್ಮ ಊರಲ್ಲೇ ಬೀಡುಬಿಟ್ಟರು. ಬೇಲಿ ಇನ್ನೂ ಅರ್ಧದಲ್ಲಿದೆ. ಗಿರಿಜಕ್ಕ ಜೀಪು ಒಂದು ಸುತ್ತು ಹೋಗಿ ಬಂದ ಮೇಲೆ ಟ್ಯಾಪಿಂಗಿಗೆ ಇಳಿಯುತ್ತಾರೆ.

ಆದರೆ ಅದೆಲ್ಲ ಆಮೇಲಿನದು. ನಾವು ಊರಿಗೆ ಮರಳಿದ ಬೆಳಗ್ಗೆ ಜೀಪೂ ಇರಲಿಲ್ಲ, ಕಾವಲೂ ಇರಲಿಲ್ಲ.

ಹಗಲಿನ ಬಸ್ಸಿನಲ್ಲಿ ಜಾಗ ಸಿಗದೆ ಹತ್ತಿದ್ದ ರಾತ್ರಿ ಬಸ್ಸು ಐದೂಮುಕ್ಕಾಲಕ್ಕೆ ನಮ್ಮಿಬ್ಬರನ್ನು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಮನೆಗೆ ಹತ್ತು ನಿಮಿಷದ ಮಣ್ಣಿನ ರಸ್ತೆ. ಬೆಳಕು ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ನಾನು ಗೆಲುವಿನ ಗುಂಗಿನಲ್ಲಿ ಏನೇನೋ ಮಾತಾಡುತ್ತ ಮುಂದೆ ನಡೆಯುತ್ತಿದ್ದೆ. ಮೋರಿಯ ಹತ್ತಿರ ರಸ್ತೆಯ ಬದಿಗೆ ಒಂದು ದೊಡ್ಡ ಬಂಡೆ ಕಂಡಿತು. ಇಲ್ಲಿ ಬಂಡೆ ಇತ್ತೇ ಎಂದು ಯೋಚಿಸುತ್ತಿದ್ದ ಹಾಗೆ ಬಂಡೆ ಕಿವಿ ಬೀಸಿತು.

ನನ್ನ ಕಾಲು ನೆಲಕ್ಕೆ ಅಂಟಿತು. ಹಸಿ ಸೊಪ್ಪಿನ, ಬೆವರಿನ ಒಂದು ಘಾಟು ಮುಖಕ್ಕೆ ಬಡಿಯಿತು. ಚಿಕ್ಕಪ್ಪ ಇಷ್ಟು ಹೊತ್ತಿಗೆ ಕ್ರಾಸು ದಾಟಿ ಓಡಿರುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಯಾರೋ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಚಿಕ್ಕಪ್ಪ ನನ್ನ ಮುಂದೆ ಬಂದು ನಿಂತಿದ್ದರು.

"ಓಡ್ಬೇಡ," ಎಂದರು, ನನಗೆ ಮಾತ್ರ ಕೇಳುವಷ್ಟು.

ಹೆಜ್ಜೆಯ ಮೇಲೆ ಹೆಜ್ಜೆ ಹಿಂದಕ್ಕೆ ಇಡುತ್ತ ಪಾಗಾರದ ಬದಿ ಸೇರಿದೆವು. ಅವರ ಬೆನ್ನು ನನ್ನ ಎದೆಗೆ ತಾಗಿತ್ತು. ಅಂಗಿ ಒದ್ದೆಯಾಗಿತ್ತು. ಮೈ ಗಡಗಡ ನಡುಗುತ್ತಿತ್ತು. ಆದರೆ ಆ ನಡುಗುವ ಮೈ ನನ್ನ ಎದುರಿನಿಂದ ಒಂದಿಂಚು ಸರಿಯಲಿಲ್ಲ. ಆನೆ ಸೊಂಡಿಲೆತ್ತಿ ಗಾಳಿ ಮೂಸಿತು. ಎಷ್ಟು ಹೊತ್ತು ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತೋ, ಅರ್ಧ ನಿಮಿಷವೋ, ಅರ್ಧ ಗಂಟೆಯೋ. ಆಮೇಲೆ ರಸ್ತೆ ದಾಟಿ ಕೆಳಗಿನ ಕಾಡಿಗೆ ಇಳಿಯಿತು. ಕಡ್ಡಿ ಮುರಿಯುವ ಸದ್ದು ನಿಂತ ಮೇಲೂ ನಾವು ಅಲ್ಲಾಡಲಿಲ್ಲ.

ಮನೆ ಮುಟ್ಟಿದಾಗ ಚಿಕ್ಕಮ್ಮ ಜಗಲಿಯಲ್ಲಿ ನಿಂತಿದ್ದರು. ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ ಎಂದು ಗಾಬರಿಯಿಂದ ಕೇಳಿದರು. ನಾನು ಬಾಯಿ ತೆರೆದೆ. ದೂರದ ಗುಡುಗಿಗೂ ಊರಿಡೀ ಎಬ್ಬಿಸುವ ಚಿಕ್ಕಪ್ಪ ನನಗಿಂತ ಮೊದಲೇ ನಗುತ್ತ ಹೇಳಿದರು:

"ಘಾಟಿಯಲ್ಲಿ ತಲೆ ತಿರುಗಿತು, ಅಷ್ಟೆ ಮಾರಾಯ್ತಿ. ಒಂದು ಕಾಫಿ ಮಾಡು."

ಚಿಕ್ಕಮ್ಮ ಸಮಾಧಾನದಿಂದ ಒಳಗೆ ಹೋದರು. ಅವರ ಹೆಜ್ಜೆಯ ಸದ್ದು ಅಡುಗೆಮನೆ ಮುಟ್ಟುವವರೆಗೆ ಕಾದು, ಚಿಕ್ಕಪ್ಪ ನನ್ನ ಕಡೆಗೆ ಬಾಗಿದರು.

"ಹೇಳ್ಬೇಡ ಆಯ್ತಾ. ಅವಳಿಗೆ ಹೆದರಿಕೆ ಆಗ್ತದೆ."

ನಾನು ತಲೆಯಾಡಿಸಿದೆ. ಮೋರಿಯ ಹತ್ತಿರ ಹಿಡಿದ ನನ್ನ ಕೈಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ.