ಪಾಯಪ್ಪನ ಹೊತ್ತು ಮುಳುಗಿದ್ದು

ಗೊಬ್ಬರ ಹೆಚ್ಚು ಮಾರಿದ ತಪ್ಪಿಗೆ ಮೂಡಲಗಿಯ ಪಾಯಪ್ಪ ಸಿಂಗಾಪುರ ನೋಡಬೇಕಾಯಿತು. ಖರ್ಚೆಲ್ಲ ಗೊಬ್ಬರದ ಕಂಪನಿಯದು. ಬಾಜೂ ಅಂಗಡಿಯ ವೀರಪ್ಪನೂ ಜೊತೆಗೆ ಹೊರಟ. ಅಲ್ಲಿಯೂ ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕಬಾರದೆಂದು ಹೆಂಡತಿ ಕಮಲಾಬಾಯಿ ಪಾಯಪ್ಪನನ್ನು ಬಸದಿಗೆ ಕರೆದೊಯ್ದು ಮಾತು ತೆಗೆದುಕೊಂಡಳು. ಗಂಡನ ಮೇಲೆ ಅಷ್ಟು ನಂಬಿಕೆ ಸಾಲದೆ, ನಿಗಾ ಇಡಲು ವೀರಪ್ಪನಿಗೂ ಹೇಳಿದಳು. ಲಿಂಗಾಯತರ ವೀರಪ್ಪನಿಗೆ ಈ ನೇಮವಿರಲಿಲ್ಲ. ಆದರೆ ಬೇರೆಯವರ ನೇಮ ಕಾಯುವುದರಲ್ಲಿ ಅವನ ಶ್ರದ್ಧೆ ದೊಡ್ಡದು.

ಮರಳುವ ದಿನ ಬೆಳಿಗ್ಗೆ ಹೋಟೆಲಿನ ತಿಂಡಿಗೆಲ್ಲ ತತ್ತಿಯ ವಾಸನೆ. ಪಾಯಪ್ಪ ಬರೀ ಚಹಾ ಕುಡಿದು ಎದ್ದ. ಮನೆಯಿಂದ ತಂದ ರೊಟ್ಟಿ ಹಿಂದಿನ ದಿನವೇ ಮುಗಿದಿತ್ತು. ವಿಮಾನ ನಿಲ್ದಾಣ ಸೇರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ಒಂದು ಜಪಾನಿ ಊಟದಂಗಡಿಯ ಗಾಜಿನಾಚೆ ಬಿಳಿ ಅನ್ನ ಕಂಡಿತು. ಅನ್ನ ಕಂಡ ಮೇಲೆ ದೇಶ ಯಾವುದಾದರೇನು?

ಕೌಂಟರಿನ ಹುಡುಗಿ ಮೊದಲು ಒಂದು ಬಟ್ಟಲು ಸಾರು ಇಟ್ಟಳು. ಇದು ಯಾತರದೆಂದು ವೀರಪ್ಪ ಕೈಸನ್ನೆಯಲ್ಲಿ ಕೇಳಿದ. ಅವಳು ನಗುತ್ತ ಅಂಗೈಯನ್ನು ಮೀನಿನಂತೆ ಈಜಾಡಿಸಿದಳು. ಸಾರು ವಾಪಸು ಹೋಯಿತು. ಆಮೇಲೆ ಬಿಸಿ ಅನ್ನ ಬಂತು. ಅದರ ಮೇಲೆ ಬಡಿಗನ ಮನೆಯ ಹೊಟ್ಟಿನಂಥದ್ದೇನೋ ಉದುರಿಸಿದ್ದಳು. ಹಬೆಗೆ ಅದು ಅಲುಗಾಡುತ್ತಿತ್ತು. ಕೇಳಿದರೆ ಅಂಗೈ ಮತ್ತೆ ಈಜಿತು. ಅಂತೂ ಮೂರನೆಯ ಸಲಕ್ಕೆ ಬರೀ ಅನ್ನ, ಚಿಟಿಕೆ ಉಪ್ಪು ಸಿಕ್ಕಿತು. ಕಡ್ಡಿಗಳನ್ನು ಬದಿಗಿಟ್ಟು, ಕೈ ತೊಳೆದು ಬಂದು ಪಾಯಪ್ಪ ತುತ್ತು ಕಟ್ಟಿದ. ಅದೇ ಹೊತ್ತಿಗೆ ಹೊರಗೆ ಕತ್ತಲಾಗಿ, ಒಳಗಿನ ದೀಪಗಳೆಲ್ಲ ಹತ್ತಿಕೊಂಡವು.

ವೀರಪ್ಪ ಅವನ ಕೈ ಹಿಡಿದ. "ಅಣ್ಣಾರ, ಹೊತ್ತು ಮುಳಗೇತ್ರಿ."

ಪಾಯಪ್ಪ ಗಡಿಯಾರ ನೋಡಿದ. ಊರು ಬಿಟ್ಟಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಇನ್ನೂ ಮೂರೂವರೆ ತೋರಿಸುತ್ತಿತ್ತು.

"ಅದು ಮೂಡಲಗಿ ಟೈಮ್ರಿ. ಇಲ್ಲಿ ಸೂರ್ಯ ನಿಮ್ಮ ಗಡಿಯಾರ ಕೇಳಿ ಮುಳಗತೈತೇನು?"

ಪಾಯಪ್ಪ ತುತ್ತನ್ನು ಬಟ್ಟಲಲ್ಲೇ ಬಿಟ್ಟ. ಅನ್ನ ದಂಡವಾಗಬಾರದೆಂದು ವೀರಪ್ಪ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಚೀಲದಿಂದ ಬಳ್ಳೊಳ್ಳಿ ಹಾಕಿದ ಸೇಂಗಾ ಚಟ್ನಿ ತೆಗೆದ.

ಹಸಿವಂತೂ ತಪ್ಪಲಿಲ್ಲ, ಹೆಸರಾದರೂ ಬರಲಿ ಎಂದುಕೊಂಡ ಪಾಯಪ್ಪ. ವಿಮಾನ ಹತ್ತಿದೊಡನೆ ಗಗನಸಖಿಯನ್ನು ಕರೆದು, ವೀರಪ್ಪನಿಗೆ ಕೇಳಿಸುವಂತೆ ತನಗೆ ಊಟ ಬೇಡವೆಂದ. ತನ್ನ ಸಸ್ಯಾಹಾರದ ತಾಟನ್ನು ಗೆಳೆಯನಿಗೇ ಕೊಡಿರೆಂದ. ಈ ಸುದ್ದಿ ಕಮಲಾಬಾಯಿಗೆ ಮುಟ್ಟುವುದರಲ್ಲಿ ಸಂಶಯವಿರಲಿಲ್ಲ. ಆ ಸಮಾಧಾನದಲ್ಲಿ ನಿದ್ದೆ ಹತ್ತಿತು.

ಎಚ್ಚರವಾದಾಗ ಮುಖದ ಮೇಲೆ ಬಿಸಿಲು. ಕಿಟಕಿಯಲ್ಲಿ ಸೂರ್ಯ ಕುಳಿತಿದ್ದ. ಕೆಳಗೆ ಕಪ್ಪು ಮೋಡ ಹಾಸಿತ್ತು. ಪಕ್ಕದಲ್ಲಿ ವೀರಪ್ಪ ಎರಡನೆಯ ತಾಟು ಬಳಿಯುತ್ತಿದ್ದ.

"ಆಗ ಹೊತ್ತು ಮುಳಗಿದ್ದಿಲ್ರಿ ಅಣ್ಣಾರ, ಮಳಿ ಮೋಡ ಕವದಿತ್ತ," ಎಂದ.

"ಮತ್ತ ನನ್ನ ಎಬ್ಬಸಬೇಕಿಲ್ಲೇನ್ರಿ?"

"ಇಷ್ಟ ಛಲೋ ನೇಮ ಹಿಡದೀರಿ, ನಾ ಹೆಂಗ ಕೆಡಸ್ಲಿ?"

ಪಾಯಪ್ಪ ಗಂಟೆ ಒತ್ತಿದ. ಉಳಿದಿರುವುದು ಮೀನಿನ ತಾಟು ಮಾತ್ರ ಎಂದಳು ಗಗನಸಖಿ. ವಿಮಾನ ಪಡುವಣಕ್ಕೆ ಸೂರ್ಯನ ಬೆನ್ನು ಹತ್ತಿ ಓಡುತ್ತಿತ್ತು. ಹೊತ್ತು ಮುಳುಗುವ ಲಕ್ಷಣವೇ ಕಾಣಲಿಲ್ಲ. ಉಣ್ಣಲು ಇಷ್ಟು ಉದ್ದದ ಸಂಜೆ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಪಾಯಪ್ಪ ಕಿಟಕಿಯ ಮುಚ್ಚಳ ಎಳೆದು, ತನ್ನ ಕೈಯಾರೆ ರಾತ್ರಿ ಮಾಡಿಕೊಂಡ.